ನಕ್ಷತ್ರದ ಗೆರೆ ಅಳೆದ ವೈನು ಬಾಪು

1949. ಅಮೆರಿಕದ ಹಾರ್ವರ್ಡ್. ಇಪ್ಪತ್ತೆರಡೂ ತುಂಬದ ವಿದ್ಯಾರ್ಥಿಯೊಬ್ಬ ಆಕಾಶದ ಫೋಟೋ ತೆಗೆದ ಗಾಜಿನ ಪ್ಲೇಟನ್ನು ನೋಡ್ತಿದ್ದಾನೆ. ಅದರಲ್ಲೊಂದು ಹೊಸ ಧೂಮಕೇತು! ಪಾಠ ಹೇಳ್ತಿದ್ದ ಬಾರ್ಟ್ ಬೋಕ್, ಸಹಪಾಠಿ ನ್ಯೂಕರ್ಕ್ ಜೊತೆ ಆ ಹುಡುಗನ ಹೆಸರೂ ಧೂಮಕೇತುವಿಗೆ ಅಂಟಿತು: ವೈನು ಬಾಪು.

ಧೂಮಕೇತು ಬಿಡಿ, ಬಂತು, ಹೋಯ್ತು. ನನಗೆ ದೊಡ್ಡದು ಅನ್ನಿಸೋದು 1957ರ ಕೆಲಸ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನ ಹಾಗೆ ಹರಡಿದರೆ ನಡುನಡುವೆ ಕಪ್ಪು ಗೆರೆಗಳು. ಅವುಗಳಲ್ಲಿ ಒಂದು ಕ್ಯಾಲ್ಸಿಯಂನದು. ತಂಪು ನಕ್ಷತ್ರಗಳಲ್ಲಿ ಆ ಕಪ್ಪಿನ ನಟ್ಟನಡುವೆ ಸಣ್ಣದೊಂದು ಹೊಳಪು ಇರುತ್ತೆ. ಹೊಳಪು ಅಗಲವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು. ಅದು ಗೊತ್ತಾದರೆ ದೂರವನ್ನೂ ಲೆಕ್ಕ ಹಾಕಬಹುದು! ಜೊತೆಗೆ ಕೆಲಸ ಮಾಡಿದ ಖಗೋಳಜ್ಞ ವಿಲ್ಸನ್ ಹೆಸರೂ ಸೇರಿ, ಇದೇ ವಿಲ್ಸನ್–ಬಾಪು ಪರಿಣಾಮ.

ಭಾರತಕ್ಕೆ ಮರಳಿದ ಬಾಪುಗೆ ಮೊದಲು ನೈನಿತಾಲ್ ವೀಕ್ಷಣಾಲಯ. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯಕ್ಕೆ ನಿರ್ದೇಶಕ. ಅಲ್ಲಿ ರಾತ್ರಿ ವೀಕ್ಷಣೆಗೆ ಮೋಡದ ಕಾಟ. ಹುಡುಕಿ ಹುಡುಕಿ ತಮಿಳುನಾಡಿನ ಜವ್ವಾದು ಬೆಟ್ಟದ ಕಾವಲೂರು ಆರಿಸಿಕೊಂಡ್ರು. 1968ರಲ್ಲಿ ಅಲ್ಲಿ ಶುರುವಾಗಿದ್ದು ಬರೀ 38 ಸೆಂಟಿಮೀಟರ್ ದೂರದರ್ಶಕದಿಂದ, ಅದೂ ತಮ್ಮದೇ ವರ್ಕ್‌ಶಾಪಿನದು. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಕಟ್ಟಿದವರೂ ಇವರೇ.

ಆಮೇಲೆ ದೊಡ್ಡ ಆಸೆ: 2.34 ಮೀಟರ್ ಕನ್ನಡಿಯ ದೂರದರ್ಶಕ, ನಮ್ಮ ದೇಶದಲ್ಲೇ ತಯಾರಾಗಬೇಕು. ಕೆಲಸ ನಡೀತಿರುವಾಗಲೇ, 1982ರ ಆಗಸ್ಟ್‌ನಲ್ಲಿ, ಮ್ಯೂನಿಕ್‌ನಲ್ಲಿ ಬಾಪು ತೀರಿಕೊಂಡ್ರು. ವಯಸ್ಸು 55.

ದೂರದರ್ಶಕ ಸಿದ್ಧವಾಗಿ, 1986ರ ಜನವರಿಯಲ್ಲಿ ಅದಕ್ಕೆ ಅವರದೇ ಹೆಸರಿಟ್ಟರು. ಅದು ಈಗಲೂ ಕಾವಲೂರಿನಲ್ಲಿದೆ.