ಬೆಳಿಗ್ಗೆ ಮೆತ್ತಗೆ, ಸಂಜೆಗೆ ಬಿರುಸು: ರೊಟ್ಟಿಗೆ ಏನಾಗುತ್ತದೆ?

ಮಕ್ಕಳೇ, ಬೆಳಿಗ್ಗೆ ಹಂಚಿನಿಂದ ಇಳಿಸಿದ ಜೋಳದ ರೊಟ್ಟಿಯನ್ನು ಸುರುಳಿ ಸುತ್ತಬಹುದು. ಅದನ್ನೇ ಸಂಜೆ ಸುತ್ತಲು ಹೋದರೆ ಮುರಿಯುತ್ತದೆ. ಮರುದಿನ ಜಗಿಯುವಷ್ಟರಲ್ಲಿ ದವಡೆ ನೋಯುತ್ತದೆ. ಆದರೆ ಜಾತ್ರೆಗೆಂದು ಮಾಡಿಟ್ಟ ಖಡಕ್ ರೊಟ್ಟಿಯನ್ನು ತಿಂಗಳು ಕಳೆದರೂ ಕಟಕಟನೆ ತಿನ್ನಬಹುದು! ಹಿಟ್ಟು ಒಂದೇ, ನೀರು ಒಂದೇ, ಒಲೆಯೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

"ರೊಟ್ಟಿ ಒಣಗುತ್ತದೆ, ಅದಕ್ಕೇ ಬಿರುಸಾಗುತ್ತದೆ" ಎಂದು ನೀವು ಹೇಳಬಹುದು. ಇದು ಅರ್ಧ ಉತ್ತರ ಮಾತ್ರ. ಉಳಿದರ್ಧ ತಿಳಿಯಲು ರೊಟ್ಟಿ ಮಾಡುವುದನ್ನು ಒಮ್ಮೆ ಗಮನಿಸಿ ನೋಡಿ.

ಚಪಾತಿಯ ಹಿಟ್ಟನ್ನು ತಣ್ಣೀರಿನಲ್ಲಿ ನಾದಿದರೂ ಅದು ಹಿಗ್ಗುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಇದಕ್ಕೆ ಕಾರಣ. ಜೋಳದಲ್ಲಿ ಆ ಅಂಟು ಇಲ್ಲ. ಆದ್ದರಿಂದಲೇ ಅಮ್ಮ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸುತ್ತಾರೆ. ಹಿಟ್ಟಿನಲ್ಲಿ ಪಿಷ್ಟದ ಸಣ್ಣ ಸಣ್ಣ ಕಣಗಳಿರುತ್ತವೆ. ಬಿಸಿನೀರು ತಾಗಿದಾಗ ಈ ಕಣಗಳು ನೀರು ಹೀರಿ ಉಬ್ಬಿ, ಗಂಜಿಯಂತೆ ಅಂಟಾಗುತ್ತವೆ. ಈ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ರೊಟ್ಟಿ ಹರಿಯದಂತೆ ಅಗಲವಾಗಿ ತಟ್ಟಲು ಸಾಧ್ಯವಾಗುವುದು ಹೀಗೆ.

ಬಿಸಿ ರೊಟ್ಟಿಯಲ್ಲಿ ಪಿಷ್ಟದ ಅಣುಗಳು ಬಿಡುವಿನ ವೇಳೆಯಲ್ಲಿ ಮೈದಾನದ ತುಂಬ ಚದುರಿದ ಮಕ್ಕಳ ಹಾಗೆ ಇರುತ್ತವೆ. ಅವುಗಳ ನಡುವೆ ನೀರು ತುಂಬಿರುತ್ತದೆ. ಅದಕ್ಕೇ ರೊಟ್ಟಿ ಮೆತ್ತಗೆ. ಆರುತ್ತ ಬಂದಂತೆ ಅದೇ ಅಣುಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒತ್ತೊತ್ತಾಗಿ ಸಾಲು ಕಟ್ಟುತ್ತವೆ. ನಡುವೆ ಇದ್ದ ನೀರು ಪಕ್ಕಕ್ಕೆ ಸರಿಯುತ್ತದೆ. ರೊಟ್ಟಿ ಬಿಗಿಯಾಗುತ್ತದೆ.

ಇದನ್ನು ಮೊದಲು ತೋರಿಸಿದ್ದು ಬ್ರೆಡ್ಡಿನಲ್ಲಿ. 1852ರಲ್ಲಿ ಫ್ರಾನ್ಸ್ ದೇಶದ ರಸಾಯನ ವಿಜ್ಞಾನಿ ಬೂಸಿಂಗೋ ಎಂಬುವರು ಸ್ವಲ್ಪವೂ ನೀರು ಹೊರಹೋಗದಂತೆ ಬ್ರೆಡ್ಡನ್ನು ಮುಚ್ಚಿಟ್ಟರು. ಆದರೂ ಅದು ಬಿರುಸಾಯಿತು! ಮತ್ತೆ ಬಿಸಿ ಮಾಡಿದಾಗ ಮೆತ್ತಗಾಯಿತು. ಬಿಸಿ ತಾಗಿದಾಗ ಅಣುಗಳ ಸಾಲು ಚದುರುತ್ತದೆ ಎಂಬುದು ನಂತರ ತಿಳಿದ ವಿಷಯ. ಬಿರುಸಾದ ರೊಟ್ಟಿಯ ಮೇಲೆ ನೀರು ಚಿಮುಕಿಸಿ ಹಂಚಿನ ಮೇಲೆ ಹಾಕುವ ನಿಮ್ಮ ಅಜ್ಜಿ ಮಾಡುವುದೂ ಇದನ್ನೇ. ಆದರೆ ಆ ಮೆದುತನ ಹೆಚ್ಚು ಹೊತ್ತು ಉಳಿಯುವುದಿಲ್ಲ. ಬಿಸಿಯಿರುವಾಗಲೇ ತಿನ್ನಬೇಕು.

ಇನ್ನೊಂದು ಸೋಜಿಗವಿದೆ. ತಂಪಿನಲ್ಲಿ ಈ ಸಾಲು ಕಟ್ಟುವ ಕೆಲಸ ಬೇಗ ಬೇಗ ನಡೆಯುತ್ತದೆ. ಆದ್ದರಿಂದ ಫ್ರಿಜ್ಜಿನಲ್ಲಿಟ್ಟ ರೊಟ್ಟಿ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ. ಬೂಷ್ಟು ಮಾತ್ರ ತಡವಾಗಿ ಬರುತ್ತದೆ, ಅಷ್ಟೆ.

ಬಿರುಸಾದ ರೊಟ್ಟಿ ಕೆಟ್ಟ ರೊಟ್ಟಿಯಲ್ಲ. ಬೂಷ್ಟು ಬಂದ ರೊಟ್ಟಿ ಕೆಟ್ಟದ್ದು. ಇವೆರಡೂ ಬೇರೆ ಬೇರೆ. ಬೂಷ್ಟು ಎಂದರೆ ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ. ಅವು ಬೆಳೆಯಲು ನೀರು ಬೇಕು. ಬಿಸಿ ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಆವಿ ಹೊರಹೋಗಲಾರದೆ ಒಳಗೇ ಹನಿಯಾಗುತ್ತದೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ? ನಮಗೆ ಮೇಲೆ ಕಾಣುವುದು ಹಸಿರು ಅಥವಾ ಕಪ್ಪು ಚುಕ್ಕೆ ಮಾತ್ರ. ಅದರ ಬಿಳಿ ಎಳೆಗಳು ಆಗಲೇ ಒಳಗೆ ಹರಡಿರುತ್ತವೆ. ಆದ್ದರಿಂದ ಚುಕ್ಕೆಯನ್ನು ಕೆರೆದು ಉಳಿದದ್ದನ್ನು ತಿನ್ನಬಾರದು. ಕೆಲವು ಬೂಷ್ಟುಗಳು ವಿಷ ತಯಾರಿಸುತ್ತವೆ. ಅಫ್ಲಾಟಾಕ್ಸಿನ್ ಎಂಬ ಅಂಥ ಒಂದು ವಿಷ ಹಂಚಿನ ಬಿಸಿಗೂ ಪೂರ್ತಿ ನಾಶವಾಗುವುದಿಲ್ಲ.

ಮೆದುವಾಗಿರಲು ನೀರು ಬೇಕು, ಕೆಡದಿರಲು ನೀರು ಇರಬಾರದು. ಎರಡೂ ಒಟ್ಟಿಗೆ ಸಿಗುವುದಿಲ್ಲ! ಇಂದೇ ತಿನ್ನುವ ರೊಟ್ಟಿಯಾದರೆ ಆವಿ ಆರಿದ ಮೇಲೆ ಹತ್ತಿಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡಿ. ಹೆಚ್ಚಾದ ತೇವವನ್ನು ಬಟ್ಟೆ ಹೀರುತ್ತದೆ, ರೊಟ್ಟಿ ಒಮ್ಮೆಲೇ ಒಣಗುವುದನ್ನು ಮುಚ್ಚಳ ತಡೆಯುತ್ತದೆ.

ಬಹುದಿನ ಇಡಬೇಕೆಂದರೆ ನೀರನ್ನೇ ಓಡಿಸಬೇಕು. ಖಡಕ್ ರೊಟ್ಟಿಯ ಗುಟ್ಟು ಇದೇ. ತೆಳ್ಳಗೆ ತಟ್ಟಿ, ಬೇಯಿಸಿ, ಸಣ್ಣ ಉರಿಯಲ್ಲಿ ಅಥವಾ ಒಲೆಯ ಪಕ್ಕ ಆನಿಸಿಟ್ಟು ತೇವವೆಲ್ಲ ಹೋಗುವವರೆಗೆ ಒಣಗಿಸುತ್ತಾರೆ. ದಪ್ಪವಾಗಿದ್ದರೆ ಅಂಚು ಒಣಗಿ ನಡುವೆ ತೇವ ಉಳಿಯುತ್ತದೆ. ಬೂಷ್ಟು ಅಲ್ಲಿಂದಲೇ ಶುರು. ಮಳೆಗಾಲದಲ್ಲಂತೂ ಎಚ್ಚರ ಬೇಕು. ಒಣಗಿದ ರೊಟ್ಟಿ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು, ಮೆತ್ತಗಾದರೆ ಕೂಡಲೇ ಹಂಚಿನ ಮೇಲೆ ಮತ್ತೆ ಒಣಗಿಸಬೇಕು.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಲಕ್ಷಗಟ್ಟಲೆ ರೊಟ್ಟಿ ಮಾಡಿ ತರುವುದನ್ನು ನೀವು ಕೇಳಿರಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ ನದಿಗಳು ಉಕ್ಕಿ ಹರಿದು ಊರೂರುಗಳೇ ಮುಳುಗಿದವು. ಒಲೆ ಹೊತ್ತಿಸಲು ಒಣ ಸೌದೆಯೂ ಇಲ್ಲದ ಹೊತ್ತಿನಲ್ಲಿ ಬೇರೆ ಊರಿನವರು ಕಳಿಸಿದ್ದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೂ ಇದ್ದವು. ಬಿಸಿ ಮಾಡಬೇಕಿಲ್ಲ, ನಾಲ್ಕು ದಿನ ಇಟ್ಟರೂ ಭಯವಿಲ್ಲ.

ಮಾಡಿ ನೋಡಿ

ಒಂದು ಮೆತ್ತನೆಯ ರೊಟ್ಟಿಯನ್ನು ಮೂರು ತುಂಡು ಮಾಡಿ. ಒಂದನ್ನು ತಟ್ಟೆಯಲ್ಲಿ ತೆರೆದಿಡಿ. ಎರಡನೆಯದನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಮೂರನೆಯದಕ್ಕೆ ಎರಡು ಹನಿ ನೀರು ಹಾಕಿ ಪಾರದರ್ಶಕ ಚೀಲದಲ್ಲಿ ಕಟ್ಟಿ. ನಾಲ್ಕು ದಿನ ಕಂಡದ್ದನ್ನು ಬರೆದಿಡಿ. ಚೀಲವನ್ನು ಬಿಚ್ಚಬೇಡಿ, ಮೂಸಬೇಡಿ, ಹಾಗೆಯೇ ಕಸಕ್ಕೆ ಹಾಕಿ. ಉಳಿದ ತುಂಡುಗಳನ್ನೂ ತಿನ್ನಬೇಡಿ.

ಇನ್ನೊಂದು ಕೆಲಸ: ಐದು ಮೆತ್ತನೆಯ ರೊಟ್ಟಿಗಳನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಎರಡು ದಿನ ಬಿಸಿಲಿನಲ್ಲಿ ತೆಳುಬಟ್ಟೆ ಮುಚ್ಚಿ ಒಣಗಿಸಿ, ಮತ್ತೆ ತೂಗಿಸಿ. ಎಷ್ಟು ಗ್ರಾಂ ನೀರು ಹೋಯಿತು? ಲೆಕ್ಕವನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ.