ಮೇಲೆ ಮರಳುಗೋಡು, ಕೆಳಗೆ ಏನಿದೆ?

ಈ ಕಂತು ಹುಟ್ಟಿದ್ದು ಒಂದು ಇಮೇಲ್‌ನಿಂದ. ಬರೆದವರು ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕೇಳುಗರು, ಮೂಲತಃ ತುಮಕೂರು ಕಡೆಯವರು. ಮಡೇರಾ ಎಂಬ ಊರಿನ ಪೂರ್ವಕ್ಕೆ ಹತ್ತು ಎಕರೆ ಜಮೀನು ನೋಡಿಟ್ಟಿದ್ದಾರೆ. ಸರ್ಕಾರದ ಮಣ್ಣಿನ ನಕಾಶೆಯಲ್ಲಿ ಆ ಜಾಗಕ್ಕೆ "ಸ್ಯಾಂಡಿ ಲೋಮ್" ಅಂತ ಇದೆಯಂತೆ. ಅಂದರೆ ನಮ್ಮ ಕೃಷಿ ಇಲಾಖೆಯವರು ಹೇಳುವ ಮರಳು ಮಿಶ್ರಿತ ಗೋಡು ಮಣ್ಣು. "ನಮ್ಮಪ್ಪ ಇಂಥ ಮಣ್ಣು ಸಿಕ್ಕರೆ ಬಿಡಬಾರದು ಅನ್ನೋರು. ಒಂದಿಷ್ಟು ಬಾದಾಮಿ ಗಿಡ, ಎರಡು ಹಸು, ಒಂದು ಪುಟ್ಟ ಮನೆ, ಇಷ್ಟೇ ಆಸೆ. ನಡುನಡುವೆ ತಗ್ಗುಗಳಿವೆ, ಫೆಬ್ರವರಿಯಲ್ಲಿ ನೀರು ನಿಂತಿತ್ತು. ಒಂದು ದಿನ ಬುಲ್ಡೋಜರ್ ಓಡಿಸಿದರೆ ಸಮ ಆಗುತ್ತೆ ಅಂತಾರೆ ಏಜೆಂಟ್. ತಗೊಳ್ಳಲೋ ಬೇಡವೋ?"

ಈ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದೇ ಪದದಲ್ಲಿ ಉತ್ತರ ಹೇಳೋಕೆ ಹೋಗಿ ನಾವು ಎರಡು ಸಲ ಬರೆದು ಅಳಿಸಿದೆವು.

ಮೊದಲು ಅವರ ಅಪ್ಪನ ಮಾತು. ಅದು ಸರಿಯಾದ ಮಾತು. ಮಣ್ಣಿನ ಕಣಗಳನ್ನು ಗಾತ್ರದ ಮೇಲೆ ಮೂರು ಗುಂಪು ಮಾಡುತ್ತಾರೆ. 2 ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗೆ ಮರಳು, ಅದಕ್ಕಿಂತ ಸಣ್ಣದು ರೇವೆ, 0.002 ಮಿಲಿಮೀಟರಿಗಿಂತಲೂ ಚಿಕ್ಕದಾದರೆ ಜೇಡಿ. ಮರಳುಗೋಡಿನಲ್ಲಿ ಸಾಮಾನ್ಯವಾಗಿ ನೂರರಲ್ಲಿ ಅರುವತ್ತು ಎಪ್ಪತ್ತು ಭಾಗ ಮರಳು, ಹತ್ತರ ಆಸುಪಾಸಿನಲ್ಲಿ ಜೇಡಿ, ಉಳಿದದ್ದು ರೇವೆ. ಮರಳು ಇರುವುದರಿಂದ ನೀರಿಗೂ ಗಾಳಿಗೂ ದಾರಿ ಇದೆ. ಸ್ವಲ್ಪವಾದರೂ ಜೇಡಿ ಇರುವುದರಿಂದ ಅಷ್ಟಿಷ್ಟು ನೀರನ್ನೂ ಗೊಬ್ಬರವನ್ನೂ ಹಿಡಿದುಕೊಳ್ಳುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ಮರಳುಗೋಡು ಗಂಟೆಗೆ 20ರಿಂದ 30 ಮಿಲಿಮೀಟರ್ ನೀರು ಕುಡಿಯುತ್ತದೆ, ಜೇಡಿ ನೆಲ 1ರಿಂದ 5 ಮಿಲಿಮೀಟರ್ ಅಷ್ಟೇ. ಮಳೆ ಬಂದ ಮರುದಿನವೇ ಕಾಲಿಟ್ಟು ಕೆಲಸ ಮಾಡಬಹುದು. ನೆಲಗಡಲೆ ಬೆಳೆದವರಿಗೆ ಇದರ ಬೆಲೆ ಗೊತ್ತು: ಹೂವು ಉದುರಿದ ಮೇಲೆ ಒಂದು ಸೂಜಿಯಂಥ ಕಡ್ಡಿ ಬಾಗಿ ನೆಲದೊಳಗೆ ಇಳಿದು ಅಲ್ಲಿ ಕಾಯಿ ಕಟ್ಟಬೇಕು. ಗಟ್ಟಿ ನೆಲದಲ್ಲಿ ಆ ಕಡ್ಡಿ ಇಳಿಯೋದೂ ಕಷ್ಟ, ಆಮೇಲೆ ಕಾಯಿ ಕೀಳೋದೂ ಕಷ್ಟ.

ನಿಮ್ಮ ಹಿತ್ತಲಿನದು ಯಾವ ಮಣ್ಣು ಅಂತ ಕೈಯಲ್ಲೇ ನೋಡಬಹುದು. ಒಂದು ಹಿಡಿ ಮಣ್ಣನ್ನು ನೀರು ಹಾಕಿ ಕಲಸಿ. ಉಂಡೆ ಆಗುತ್ತದೆ, ಆದರೆ ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿಯ ಹಾಗೆ ಒತ್ತುತ್ತಾ ಹೋದರೆ ಒಂದು ಇಂಚು ಆಗುವ ಮೊದಲೇ ಮುರಿದು ಬೀಳುತ್ತದೆ, ಬೆರಳಿಗೆ ತರಿತರಿ ಅನ್ನಿಸುತ್ತದೆ ಅಂದರೆ ಅದು ಮರಳುಗೋಡು. ನಾವು ಲ್ಯಾಬಿನಲ್ಲಿ ಉಪಕರಣ ಇಟ್ಟುಕೊಂಡೂ ಮೊದಲು ಮಾಡೋದು ಇದನ್ನೇ.

ಆದರೆ ಈ ಪರೀಕ್ಷೆ ಹೇಳುವುದು ಮೇಲಿನ ಒಂದು ಗೇಣಿನ ಕಥೆಯನ್ನು ಮಾತ್ರ. ನಮ್ಮ ಕೇಳುಗರ ಜಮೀನು ಇರುವ ಕಡೆ ನಿಜವಾದ ಕಥೆ ಇರುವುದು ಅದರ ಕೆಳಗೆ.

ಅವರ ನಕಾಶೆಯಲ್ಲಿ ಮಣ್ಣಿಗೊಂದು ಹೆಸರೂ ಇತ್ತು: ಸ್ಯಾನ್ ವಾಕೀನ್. ಇದು ಕ್ಯಾಲಿಫೋರ್ನಿಯಾದ ರಾಜ್ಯ ಮಣ್ಣು! ರಾಜ್ಯಕ್ಕೊಂದು ಹಕ್ಕಿ, ಹೂವು ಇರುವ ಹಾಗೆ ಒಂದು ಮಣ್ಣೂ ಇದೆ. 1997ರಲ್ಲಿ ಶಾಸನಸಭೆ ಅದನ್ನು ಘೋಷಿಸಿತು, ಅದಕ್ಕಾಗಿ ಓಡಾಡಿದವರಲ್ಲಿ ಇದೇ ಮಡೇರಾದ ಶಾಲಾ ಮಕ್ಕಳೂ ಇದ್ದರು. ಅಮೆರಿಕದಲ್ಲಿ ಮಣ್ಣಿನ ಸರ್ವೆ ಶುರುವಾದ ಮರುವರ್ಷ, 1900ರಲ್ಲೇ, ಫ್ರೆಸ್ನೋ ಸುತ್ತಮುತ್ತ ಇದನ್ನು ಗುರುತಿಸಿ ಹೆಸರಿಟ್ಟಿದ್ದರು. ಐದು ಲಕ್ಷ ಎಕರೆಗೂ ಹೆಚ್ಚು ಜಾಗದಲ್ಲಿದೆ. ಬೇ ಏರಿಯಾದಿಂದ ಯೊಸೆಮಿಟಿಗೆ ಕಾರಿನಲ್ಲಿ ಹೋಗುವಾಗ, ಬೆಟ್ಟ ಶುರುವಾಗುವ ಮುಂಚೆ ಕಡಲಿನ ಅಲೆಯಂತೆ ಸಣ್ಣಗೆ ಏರಿಳಿಯುವ ಹುಲ್ಲುಗಾವಲು ಸಿಗುತ್ತದಲ್ಲ, ಈ ಮಣ್ಣು ಇರುವುದು ಅಂಥ ಕಡೆ.

ಈ ನೆಲ ಅಗೆದರೆ ಮೊದಲು ಕಂದು ಬಣ್ಣದ ಗೋಡು ಅಥವಾ ಮರಳುಗೋಡು, ಹೆಚ್ಚುಕಡಿಮೆ ಒಂದೂಕಾಲು ಅಡಿ. ಆಮೇಲೆ ಇದ್ದಕ್ಕಿದ್ದ ಹಾಗೆ ಕೆಂಪು ಜೇಡಿ. ಅದರ ಕೆಳಗೆ, ಮೇಲಿಂದ ಅರ್ಧ ಮೀಟರ್ ಮತ್ತು ಒಂದು ಮೀಟರ್ ನಡುವೆ ಎಲ್ಲೋ ಒಂದು ಕಡೆ, ಹಾರೆ ಠಣ್ ಅನ್ನುತ್ತದೆ. ಅದು ಹಾರ್ಡ್‌ಪ್ಯಾನ್. ಸಿಯೆರಾ ನೆವಾಡಾ ಬೆಟ್ಟಗಳ ಗ್ರಾನೈಟನ್ನು ನದಿಗಳು ಪುಡಿ ಮಾಡಿ ತಂದು ಹರಡಿದ್ದೇ ಈ ಮಣ್ಣು. ಚಳಿಗಾಲದ ಮಳೆ ಅದರೊಳಗಿನ ಸಿಲಿಕವನ್ನು ಚೂರು ಚೂರೇ ಕರಗಿಸಿ ಕೆಳಗಿಳಿಸುತ್ತದೆ, ಹನಿ ಮಳೆಯಿಲ್ಲದ ಸುಡುಬೇಸಿಗೆ ಅದನ್ನು ಅಲ್ಲೇ ಒಣಗಿಸುತ್ತದೆ. ಹೀಗೇ ಒಂದು ಲಕ್ಷಕ್ಕೂ ಹೆಚ್ಚು ವರ್ಷ. ಸಿಲಿಕವೂ ಕಬ್ಬಿಣವೂ ಸೇರಿ ಕಣಗಳನ್ನು ಸಿಮೆಂಟಿನಂತೆ ಅಂಟಿಸಿಬಿಟ್ಟಿವೆ. ಇದನ್ನು ನೀರಿನಲ್ಲಿ ನೆನೆಸಿಟ್ಟರೂ ಕರಗುವುದಿಲ್ಲ. ನೀರೂ ದಾಟುವುದಿಲ್ಲ, ಬೇರೂ ದಾಟುವುದಿಲ್ಲ.

ಹಾಗಾಗಿ ಇಲ್ಲಿನ ಬೇಸಾಯದ ಚರಿತ್ರೆ ಅಂದರೆ ಈ ಕಲ್ಲಿನ ಜೊತೆಗಿನ ಜಗಳ. ಮೊದಲು ಬಂದ ಗೋಧಿಗೆ ತೊಂದರೆ ಇರಲಿಲ್ಲ, ಅದರ ಬೇರು ಮೇಲ್ಮೇಲೇ ಇರುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಆಯಸ್ಸೂ ಮುಗಿಯುತ್ತದೆ. ಭತ್ತಕ್ಕಂತೂ ಹಾರ್ಡ್‌ಪ್ಯಾನ್ ಅನುಕೂಲವೇ. ನಮ್ಮೂರಿನ ಗದ್ದೆಯಲ್ಲಿ ಕೆಸರು ತುಳಿದು ತುಳಿದು, ನೀರು ಇಂಗದ ಹಾಗೆ ಒಂದು ಗಟ್ಟಿ ಪದರ ಮಾಡಿಕೊಳ್ಳುತ್ತೇವಲ್ಲ, ಇಲ್ಲಿ ಅದು ಮೊದಲೇ ತಯಾರಾಗಿದೆ. ಗೋಳು ಶುರುವಾಗಿದ್ದು ಹಣ್ಣಿನ ಮರ ನೆಡಲು ಹೊರಟಾಗ. 1900ರ ಆಸುಪಾಸಿನಲ್ಲಿ ಒಂದೊಂದು ಸಸಿಗೂ ಗುಂಡಿ ತೋಡಿ ಡೈನಮೈಟ್ ಇಟ್ಟು ಸಿಡಿಸುತ್ತಿದ್ದರು. ಈಗ ದೊಡ್ಡ ಟ್ರಾಕ್ಟರಿಗೆ ಆಳುದ್ದದ ಉಕ್ಕಿನ ಕೊಕ್ಕೆ ಕಟ್ಟಿ ಹಾರ್ಡ್‌ಪ್ಯಾನನ್ನು ಸೀಳುತ್ತಾರೆ. ಇದಕ್ಕೆ ಡೀಪ್ ರಿಪ್ಪಿಂಗ್ ಅಂತ ಹೆಸರು. ಬಾದಾಮಿ, ದ್ರಾಕ್ಷಿ, ಕಿತ್ತಳೆ ಈ ಮಣ್ಣಿನಲ್ಲಿ ಬೆಳೆಯುತ್ತಿರುವುದು ಹಾಗೆ. ಒಮ್ಮೆ ಸೀಳಿದರೆ ಮುಗಿಯಿತು, ಮತ್ತೆ ಕೂಡುವುದಿಲ್ಲ.

ಜಗಳ ಬಿಟ್ಟು ರಾಜಿಯಾದವರೂ ಒಬ್ಬರಿದ್ದರು. ಬಾಲ್ದಸಾರೆ ಫೊರೆಸ್ತಿಯೇರೆ, ಇಟಲಿಯ ಸಿಸಿಲಿಯಿಂದ ವಲಸೆ ಬಂದವರು. ಕಿತ್ತಳೆ ನಿಂಬೆ ತೋಟ ಮಾಡೋಣ ಅಂತ ಫ್ರೆಸ್ನೋದಲ್ಲಿ ಜಮೀನು ಕೊಂಡರು. ನೋಡಿದರೆ ಕೆಳಗೆಲ್ಲ ಹಾರ್ಡ್‌ಪ್ಯಾನ್. ಅವರು ನೆಲದೊಳಕ್ಕೇ ಇಳಿದರು. ಹಾರೆ, ಪಿಕಾಸಿ, ಕೈಗಾಡಿ ಹಿಡಿದು ಸುಮಾರು ನಲವತ್ತು ವರ್ಷ, 1946ರಲ್ಲಿ ತೀರಿಕೊಳ್ಳುವವರೆಗೂ ಅಗೆದರು. ಕಿತ್ತು ತೆಗೆದ ಹಾರ್ಡ್‌ಪ್ಯಾನ್ ತುಂಡುಗಳನ್ನೇ ಇಟ್ಟಿಗೆ ಮಾಡಿಕೊಂಡು ಕಮಾನು ಕಟ್ಟಿದರು, ಕೋಣೆ ಕಟ್ಟಿದರು, ಚಾವಣಿಯಲ್ಲಿ ಬೆಳಕಿಂಡಿ ಬಿಟ್ಟು ಅದರಡಿ ಕಿತ್ತಳೆ ಮರ ಬೆಳೆಸಿದರು. ಫ್ರೆಸ್ನೋದ ಬೇಸಿಗೆಯಲ್ಲೂ ಒಳಗೆ ತಂಪು. ಆ ನೆಲದಡಿಯ ತೋಟಗಳನ್ನು ಇವತ್ತಿಗೂ ಹೋಗಿ ನೋಡಬಹುದು. ದಕ್ಷಿಣ ಕನ್ನಡದವರಿಗೆ ಇದರಲ್ಲಿ ಆಶ್ಚರ್ಯ ಇರಲಿಕ್ಕಿಲ್ಲ. ಮುರಕಲ್ಲು ಕಡಿದು ಮನೆ ಕಟ್ಟುವ ಊರಿನವರಲ್ವಾ! ಎರಡೂ ಹುಟ್ಟುವ ಬಗೆ ಬೇರೆ, ಆದರೆ ಬೇಸಾಯಕ್ಕೆ ಅಡ್ಡಿಯಾಗಿದ್ದೇ ಮನೆಗೆ ಗೋಡೆಯಾಗುವುದು ಎರಡೂ ಕಡೆ ಒಂದೇ.

ಮುರಕಲ್ಲಿನ ಪದವುಗಳನ್ನು ಮಳೆಗಾಲದಲ್ಲಿ ನೋಡಿದವರಿಗೆ ಮುಂದಿನ ಮಾತೂ ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಬೋಳು ಬಂಡೆ, ಮಳೆ ಬಂದರೆ ಅಲ್ಲಲ್ಲಿ ನೀರು ನಿಂತು ನೆಲ ತುಂಬಾ ಪುಟಾಣಿ ಹೂವು. ನಮ್ಮ ಕೇಳುಗರ ತಗ್ಗುಗಳೂ ಅಂಥವೇ. ಇಲ್ಲಿ ಅವಕ್ಕೆ ವರ್ನಲ್ ಪೂಲ್ ಅನ್ನುತ್ತಾರೆ. ಚಳಿಗಾಲದ ಮಳೆ ಮರಳುಗೋಡಿನಲ್ಲಿ ಸರಸರ ಇಳಿದು, ಹಾರ್ಡ್‌ಪ್ಯಾನಿಗೆ ತಾಗಿ ನಿಂತು, ತಗ್ಗಿನಲ್ಲಿ ಕೆರೆಯಾಗುತ್ತದೆ. ವಸಂತದಲ್ಲಿ ನೀರು ಅಂಚಿನಿಂದ ಹಿಂದೆ ಸರಿದಂತೆ ಹೂವುಗಳು ಬಳೆಬಳೆಯಾಗಿ ಅರಳುತ್ತವೆ, ಹೊರಗೊಂದು ಹಳದಿ ಬಳೆ, ಒಳಗೊಂದು ಬಿಳಿ ಅಥವಾ ನೀಲಿ. ಮೇ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ.

ಆ ಬಿರುಕು ನೆಲದಲ್ಲಿ ಫೇರಿ ಶ್ರಿಂಪ್ ಅನ್ನುವ, ಸಿಗಡಿಯ ದೂರದ ನೆಂಟನಂಥ ಪ್ರಾಣಿಯ ಮೊಟ್ಟೆಗಳು ಒಣಗಿ ಕೂತಿರುತ್ತವೆ. ಒಂದು ಬೇಸಿಗೆ ಮಾತ್ರವಲ್ಲ, ವರ್ಷಗಟ್ಟಲೆ ಕಾಯಬಲ್ಲವು. ನೀರು ನಿಂತರೆ ಒಡೆದು, ಕೆಲವೇ ವಾರಗಳಲ್ಲಿ ಬೆಳೆದು, ಮೊಟ್ಟೆಯಿಟ್ಟು ಸಾಯುತ್ತವೆ. ಇಲ್ಲಿನ ಒಂದು ಜಾತಿಯನ್ನು 1994ರಿಂದ ಕೇಂದ್ರದ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ವರ್ಷವಿಡೀ ನೀರಿರುವ ಕೆರೆಯಲ್ಲಿ ಇವು ಬದುಕಲಾರವು, ಮೀನು ತಿಂದುಬಿಡುತ್ತದೆ. ಒಣಗುವ ಹೊಂಡವೇ ಇವುಗಳ ಕೋಟೆ.

ಟೈಗರ್ ಸಾಲಮಾಂಡರ್ ಕಥೆ ಇನ್ನೂ ಸೊಗಸು. ಅದಕ್ಕೆ ಹೊಂಡವೂ ಬೇಕು, ಮೇಲಿನ ಸಡಿಲ ಮಣ್ಣೂ ಬೇಕು. ಮೊಟ್ಟೆಯಿಡಲು ಹೊಂಡ. ಉಳಿದ ಕಾಲವೆಲ್ಲ ನೆಲ ಅಳಿಲುಗಳೂ ಗೋಫರ್‌ಗಳೂ ತೋಡಿದ ಬಿಲದೊಳಗೆ. ತಾನಾಗಿ ಬಿಲ ತೋಡುವ ಶಕ್ತಿ ಅದಕ್ಕಿಲ್ಲ, ಅಳಿಲಿನ ಕೃಪೆ. ಬಿಲದ ಗೂಬೆಯೂ ಅದೇ ಅಳಿಲಿನ ಬಾಡಿಗೆದಾರ. ತೋಡಲು ಸುಲಭ, ತೋಡಿದ ಮೇಲೆ ಕುಸಿಯದು: ಮರಳುಗೋಡು ಕಾಡುಪ್ರಾಣಿಗೆ ಒಳ್ಳೆಯದು ಅಂತ ವರದಿಗಳಲ್ಲಿ ಒಣಒಣವಾಗಿ ಬರೆದಿರುತ್ತದಲ್ಲ, ಅದರ ಅರ್ಥ ಇದು. ಬರೀ ಮರಳಾಗಿದ್ದರೆ ಬಿಲದ ಚಾವಣಿ ಬಿದ್ದುಹೋಗುತ್ತಿತ್ತು, ಜೇಡಿಯಾಗಿದ್ದರೆ ಅಳಿಲು ಉಗುರು ಮುರಿದುಕೊಳ್ಳುತ್ತಿತ್ತು.

ಹಾಗಾದರೆ ಬೇಲಿ ಹಾಕಿ ದನ ಹೊರಗಿಟ್ಟರೆ ಹೊಂಡ ಉಳಿಯುತ್ತದಾ? ಬಹಳ ವರ್ಷ ಹಾಗೇ ಅಂದುಕೊಂಡಿದ್ದರು, ನಾವೂ ಓದುವಾಗ ಹಾಗೇ ಅಂದುಕೊಂಡಿದ್ದೆವು. ಜೇಮಿ ಮಾರ್ಟಿ ಎಂಬ ಪರಿಸರ ವಿಜ್ಞಾನಿ ಸ್ಯಾಕ್ರಮೆಂಟೋ ಜಿಲ್ಲೆಯಲ್ಲಿ 72 ಹೊಂಡಗಳನ್ನು ಮೂರು ವರ್ಷ ಅಳೆದು 2005ರಲ್ಲಿ ಪ್ರಕಟಿಸಿದ ಫಲಿತಾಂಶ ಇದನ್ನು ತಲೆಕೆಳಗೆ ಮಾಡಿತು. ಮೇಯಿಸುವುದನ್ನು ನಿಲ್ಲಿಸಿದ ಹೊಂಡಗಳು ಸರಾಸರಿ 50 ದಿನ ಬೇಗ ಒಣಗಿದವು! ಯುರೋಪಿನಿಂದ ಬಂದ ಹುಲ್ಲುಗಳು ಈಗ ಈ ಬಯಲನ್ನೆಲ್ಲ ಆವರಿಸಿವೆ. ತಿನ್ನುವವರಿಲ್ಲದಿದ್ದರೆ ಅವು ಹೊಂಡದ ಅಂಚಿನವರೆಗೂ ಬೆಳೆದು ನೀರನ್ನೆಲ್ಲ ಕುಡಿದುಬಿಡುತ್ತವೆ. ಸಾಲಮಾಂಡರ್ ಮರಿಗೆ ನೀರಿನಿಂದ ಹೊರಬರಲು ಹತ್ತು ವಾರವಾದರೂ ಬೇಕು. ಐವತ್ತು ದಿನ ಕಳೆದರೆ ಮರಿ ಕೆಸರಿನಲ್ಲೇ ಸಾಯುತ್ತದೆ. ಹಿಂದೆ ಇಲ್ಲಿ ಎಲ್ಕ್ ಜಿಂಕೆಗಳು, ಪ್ರಾಂಗ್‌ಹಾರ್ನ್‌ಗಳು ಮೇಯುತ್ತಿದ್ದವು, ಈಗ ಅವುಗಳ ಕೆಲಸ ದನಗಳ ಪಾಲಿಗೆ ಬಂದಿದೆ. ಅಮೃತ್ ಮಹಲ್ ಕಾವಲುಗಳ ಹತ್ತಿರ ಬೆಳೆದವರಿಗೆ ದನ ಮತ್ತು ಕೃಷ್ಣಮೃಗ ಒಂದೇ ಬಯಲಿನಲ್ಲಿ ಮೇಯುವುದು ಹೊಸ ವಿಷಯವಲ್ಲ.

ಇನ್ನು ಆ ಬುಲ್ಡೋಜರ್. 1990ರ ದಶಕದಲ್ಲಿ ಬೋರ್ಡನ್ ರಾಂಚ್ ಎಂಬ ಸಾವಿರಾರು ಎಕರೆಯ ಹುಲ್ಲುಗಾವಲನ್ನು ಕೊಂಡವರು ಅದನ್ನು ತೋಟ ಮಾಡಲೆಂದು ಹಾರ್ಡ್‌ಪ್ಯಾನ್ ಸೀಳಿಸಿದರು. ನೀರು ನಿಲ್ಲುವ ಜಾಗವನ್ನು ಅನುಮತಿಯಿಲ್ಲದೆ ಸೀಳುವಂತಿಲ್ಲ ಅಂತ ಕೇಸಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ನಾಲ್ಕು-ನಾಲ್ಕಾಗಿ ಒಡೆದರು, ಹಾಗಾಗಿ ಸೀಳಿದ್ದು ತಪ್ಪು ಎಂಬ ಕೆಳಗಿನ ಕೋರ್ಟಿನ ತೀರ್ಪು ಉಳಿಯಿತು. 2023ರ ಇನ್ನೊಂದು ತೀರ್ಪು ಇಂಥ ಒಂಟಿ ಹೊಂಡಗಳಿಗಿದ್ದ ಕೇಂದ್ರದ ಜಲಕಾಯ್ದೆಯ ರಕ್ಷಣೆಯನ್ನು ಬಹಳ ಕಡಿಮೆ ಮಾಡಿದೆ. ಅಪಾಯದಲ್ಲಿರುವ ಜೀವಿಗಳ ಕಾಯ್ದೆ, ರಾಜ್ಯದ ನಿಯಮಗಳು ಮಾತ್ರ ಇನ್ನೂ ಇವೆ. ಏಜೆಂಟ್ ಹೇಳಿದ "ಒಂದು ದಿನದ ಕೆಲಸ"ದಲ್ಲಿ ಇದ್ಯಾವುದೂ ಬಂದಿರಲಿಲ್ಲ.

ಮನೆಯ ವಿಷಯ ಚುಟುಕಾಗಿ ಹೇಳುತ್ತೇವೆ. ಮರಳುಗೋಡು ನೆನೆದರೆ ಉಬ್ಬುವುದಿಲ್ಲ, ಒಣಗಿದರೆ ಬಿರಿಯುವುದಿಲ್ಲ, ತಳಪಾಯಕ್ಕೆ ಒಳ್ಳೆಯದು. ಅದರ ಕೆಳಗಿನ ಜೇಡಿ ಪದರ ಹಾಗಲ್ಲ. ದೊಡ್ಡ ತಲೆನೋವು ಬಚ್ಚಲು ನೀರು. ಊರಾಚೆ ಒಳಚರಂಡಿ ಇರುವುದಿಲ್ಲ, ಸೆಪ್ಟಿಕ್ ಟ್ಯಾಂಕಿನ ನೀರು ನೆಲದಲ್ಲಿ ಇಂಗಬೇಕು. ಹಾರ್ಡ್‌ಪ್ಯಾನಿಗೆ ತಾಗಿ ಅದು ವಾಪಸ್ ಮೇಲೆ ಬಂದರೆ ಹಿತ್ತಲು ಏನಾಗುತ್ತದೆ ಅಂತ ನೀವೇ ಊಹಿಸಿ.

ನಾವು ಕೊನೆಗೆ ಬರೆದ ಉತ್ತರ ಹೀಗಿತ್ತು. ದುಡ್ಡು ಕೊಡುವ ಮೊದಲು ಒಂದು ಹಾರೆ, ಒಂದು ಗುದ್ದಲಿ ತಗೊಂಡು ಹೋಗಿ. ಮಾಲೀಕರ ಒಪ್ಪಿಗೆ ಪಡೆದು, ತಗ್ಗುಗಳನ್ನು ಬಿಟ್ಟು, ದಿಬ್ಬದ ಮೇಲೆ ಮೂರು ಕಡೆ ನಾಲ್ಕಡಿ ಅಗೆಯಿರಿ. ಹಾರೆ ಎಲ್ಲೂ ತಡೆಯದಿದ್ದರೆ ನಿಮ್ಮಪ್ಪ ಹೇಳಿದ ಮಣ್ಣೇ ಅದು, ಬಾದಾಮಿ ಹಾಕಿ. ತಡೆದರೆ ಬಾದಾಮಿಯ ಆಸೆ ಬಿಟ್ಟು ಲೆಕ್ಕ ಹಾಕಿ. ಹಸು ಸಾಕಬಹುದು, ಬೇಸಿಗೆಯಲ್ಲಿ ಮೇವು ಕೊಂಡು ಹಾಕಬೇಕಾಗುತ್ತದೆ. ಎತ್ತರದ ಜಾಗದಲ್ಲಿ ಇಂಗು ಪರೀಕ್ಷೆ ಪಾಸಾದರೆ ಮನೆಯೂ ಕಟ್ಟಬಹುದು. ತಗ್ಗುಗಳನ್ನು ಮಾತ್ರ ಇದ್ದ ಹಾಗೇ ಬಿಡಿ.

ಹೋದ ವಾರ ಅವರ ಉತ್ತರ ಬಂತು. ಮೂರು ಗುಂಡಿಯಲ್ಲೂ ಹಾರೆ ಠಣ್ ಅಂದಿದೆ, ಒಂದರಲ್ಲಿ ಎರಡಡಿಗೇ. ಜಮೀನು ಬೇಡ ಅಂತ ಅವರು ಹೇಳಿಲ್ಲ, ಬೇಕು ಅಂತಲೂ ಹೇಳಿಲ್ಲ. ಹೊಂಡದ ಹೂವು ಅರಳುವುದನ್ನು ಮಕ್ಕಳಿಗೆ ತೋರಿಸಿ ಆಮೇಲೆ ತೀರ್ಮಾನ ಮಾಡುತ್ತೇವೆ ಅಂತ ಮಾಲೀಕರ ಹತ್ತಿರ ಏಪ್ರಿಲ್‌ವರೆಗೆ ಸಮಯ ಕೇಳಿದ್ದಾರಂತೆ.