ಕೂರುವ ಜಾಗ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮುಗಿಸಿದ ಹಿರಿಯರು ಮನೆ ಕಡೆ ತಿರುಗುವ ಹೊತ್ತಿಗೆ ಮಾನಸಗಂಗೋತ್ರಿಯ ಮರಗಳ ಕೆಳಗೆ ಇನ್ನೊಂದು ಸಾಲು ಹೊರಟಿರುತ್ತದೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ, ಕಣ್ಣು ಗ್ರಂಥಾಲಯದ ಬಾಗಿಲ ಮೇಲೆ. ಫ್ಯಾನಿನ ಕೆಳಗಿನ ಕುರ್ಚಿ, ಚಾರ್ಜರ್ ಚುಚ್ಚಲು ಪ್ಲಗ್ ಇರುವ ಮೂಲೆ, ಇವಕ್ಕೆ ಪೈಪೋಟಿ. ಕರ್ಚೀಫು ಹಾಕಿ ಬಸ್ಸಿನ ಸೀಟು ಹಿಡಿದಂತೆ ಪುಸ್ತಕ ಇಟ್ಟು ಜಾಗ ಹಿಡಿಯುತ್ತಾರೆ. ಕೆ-ಸೆಟ್‌ಗೆ ಓದುವವರು, ಕೆಎಎಸ್ ಕನಸಿನವರು, ಪಿಎಚ್‌.ಡಿ. ಅಧ್ಯಾಯ ತಿದ್ದುವವರು ಎಲ್ಲರೂ ಒಂದೇ ಮೇಜಿನ ಸುತ್ತ.

ಈ ಸಾಲಿನಲ್ಲಿ ಯಾರುಂಟು ಯಾರಿಲ್ಲ! ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಇಳಿದು ಬಂದ ಸೋಲಿಗರ ಹುಡುಗಿ, ದೇವದುರ್ಗದ ಕಡೆಯ ಹುಡುಗ, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವನು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದ ಮಂಡ್ಯದ ಹೆಣ್ಣುಮಗಳು, ಅಗ್ರಹಾರದಿಂದ ಸ್ಕೂಟರಿನಲ್ಲಿ ಬರುವವಳು. ಮೈಸೂರು ವಿಶ್ವವಿದ್ಯಾನಿಲಯ ಶುರುವಾದ 1916ರಲ್ಲಿ ಇಂಥ ಸಾಲು ಇರಲಿಲ್ಲ. ಸರ್ಕಾರಿ ಹುದ್ದೆಗಳೆಲ್ಲ ಒಂದೇ ವರ್ಗದ ಪಾಲಾಗುತ್ತಿವೆ ಎಂಬ ಕೂಗು ಬಲಿತು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದು 1918ರಲ್ಲಿ. ಕುವೆಂಪು ಈ ಆವರಣಕ್ಕೆ ಹೆಸರಿಟ್ಟ ಮೇಲೆ ಹಳ್ಳಿಯ ಮಕ್ಕಳು ಇಲ್ಲಿಗೆ ದಂಡಿಯಾಗಿ ಬಂದರು. ಬಾಗಿಲು ತೆರೆದ ಕಥೆ ಎಲ್ಲರಿಗೂ ಗೊತ್ತು. ಒಳಗೆ ಬಂದವರು ಎಲ್ಲಿ ಕೂರುತ್ತಾರೆ ಎಂಬ ಕಥೆಯನ್ನು ಕೇಳುವವರು ಕಡಿಮೆ.

ಹಾಸ್ಟೆಲಿನ ಮೆಸ್ಸಿಗೆ ಹೋದರೆ ಅದು ಕಣ್ಣಿಗೇ ಕಾಣುತ್ತದೆ. ವರ್ಷದ ಮೊದಲ ವಾರ ದೇವದುರ್ಗದ ಹುಡುಗನ ತಟ್ಟೆಗೆ ರಾಗಿಮುದ್ದೆ ಬೀಳುತ್ತದೆ.

“ಅಣ್ಣಾ, ಇದನ್ನ ಹ್ಯಾಂಗ ತಿನ್ನಬೇಕ್ರಿ?”

“ಅಗೀಬ್ಯಾಡ ಕಣ್ಲಾ, ಸಾರಲ್ಲಿ ಅದ್ದಿ ನುಂಗು.”

ಮೇಜಿಗೆ ಮೇಜೇ ನಗುತ್ತದೆ, ಅವನೂ ನಗುತ್ತಾನೆ. ದಸರೆ ಕಳೆಯುವಷ್ಟರಲ್ಲಿ ಅವನೇ ಎರಡನೇ ಮುದ್ದೆಗೆ ಕೈ ಚಾಚುತ್ತಾನೆ. ಈ ನಗುವಿನಲ್ಲಿ ನಂಜಿಲ್ಲ. ನಂಜಿರುವುದು ಮೆಲ್ಲಗೆ, ಬಹಳ ಮರ್ಯಾದೆಯಿಂದ ಬರುವ ಪ್ರಶ್ನೆಯಲ್ಲಿ. “ಮೊದಲು ಯಾವ ಹಾಸ್ಟೆಲಿನಲ್ಲಿದ್ದೆ?” ಪರಿಶಿಷ್ಟರ ಹಾಸ್ಟೆಲೋ, ಬಿಸಿಎಂ ಹಾಸ್ಟೆಲೋ, ಯಾವ ಮಠದ ಉಚಿತ ಪ್ರಸಾದ ನಿಲಯವೋ ಎಂದು ತಿಳಿದರೆ ಜಾತಿ ಕೇಳುವ ಕಷ್ಟವೇ ಇಲ್ಲ. ಉತ್ತರ ಸಿಕ್ಕ ಮೇಲೆ ಕೆಲವರ ತಟ್ಟೆ ಪಕ್ಕದ ಮೇಜಿಗೆ ಸರಿಯುತ್ತದೆ. ಯಾರೂ ಏನೂ ಅಂದಿರುವುದಿಲ್ಲ, ಆದ್ದರಿಂದ ದೂರು ಬರೆಯಲೂ ಬರುವುದಿಲ್ಲ.

ಹೊರಗೆ ಕಲ್ಲುಬೆಂಚಿನ ಮೇಲೆ ಇಬ್ಬರು ಗೆಳೆಯರು. ಒಬ್ಬ ಜೋರಾಗಿ ಓದುತ್ತಿದ್ದಾನೆ, ಇನ್ನೊಬ್ಬ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾನೆ. ಕೇಳುವವನಿಗೆ ದೃಷ್ಟಿಯಿಲ್ಲ. ಅಕ್ಷರ ಓದಿ ಹೇಳುವ ತಂತ್ರಾಂಶ ಅವನ ಲ್ಯಾಪ್‌ಟಾಪಿನಲ್ಲಿದೆ, ಕನ್ನಡವನ್ನೂ ಅದು ಓದುತ್ತದೆ. ಆದರೆ ಅವನಿಗೆ ಬೇಕಾದ ಹಳೆಯ ಸಂಪುಟಗಳು ಸ್ಕ್ಯಾನ್ ಮಾಡಿದ ಪುಟಗಳು. ತಂತ್ರಾಂಶಕ್ಕೆ ಅವು ಬರೀ ಚಿತ್ರ. ಉನ್ನತ ಶಿಕ್ಷಣದಲ್ಲಿ ಅಂಗವಿಕಲರಿಗೆ ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡಬೇಕೆಂದು 2016ರ ಕಾಯ್ದೆ ಹೇಳಿತು. ಸೀಟು ಸಿಕ್ಕಿದೆ. ಓದಲು ಗೆಳೆಯನ ಗಂಟಲು ಬೇಕು. ಆ ಗೆಳೆಯನಿಗೂ ಮುಂದಿನ ವಾರ ಸೆಮಿನಾರಿದೆ.

ಮಧ್ಯಾಹ್ನದ ಚಿತ್ರ ಗೈಡ್ ಕೋಣೆಯದು. ನಾನು ಕಂಡ ಕೋಣೆ ಯಾವ ಊರಿನದೆಂಬುದು ಬೇಡ, ಓದುವವರು ತಮ್ಮ ಊರನ್ನೇ ನೆನೆದುಕೊಳ್ಳಬಹುದು. ಮೇಜಿನ ಆಚೆ ಒಂದು ಕುರ್ಚಿ, ಈಚೆ ಮೂರು. ಒಬ್ಬ ವಿದ್ಯಾರ್ಥಿ ಬಂದವನೇ “ಸಾರ್, ನಮಸ್ಕಾರ” ಎಂದು ಕುರ್ಚಿ ಎಳೆದುಕೊಂಡ. ಅವನ ತಂದೆಯೂ ಮೇಷ್ಟರೇ. ಅವನಿಗಿಂತ ಮುಂಚೆ ಬಂದಿದ್ದವಳು ಗೋಡೆಗೆ ಆತು ನಿಂತೇ ಇದ್ದಳು, ಕೈಯಲ್ಲಿ ಹಾಜರಾತಿ ನಮೂನೆ. ಕೂತ್ಕೋ ಎಂದು ಯಾರೂ ಹೇಳಲಿಲ್ಲ, ಕೂರಬೇಡ ಎಂದೂ ಹೇಳಲಿಲ್ಲ. ಮನೆಯಲ್ಲಿ ದೊಡ್ಡವರೆದುರು ನಿಂತು ಬೆಳೆದವರಿಗೆ ಕರೆಯದೆ ಕೂರಲು ಬರುವುದಿಲ್ಲ. ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದವರಿಗೂ ಬರುವುದಿಲ್ಲ. ನಾವು ಅದನ್ನು ‘ವಿನಯ’ ಎಂದು ಹೊಗಳಿ ಸುಮ್ಮನಾಗುತ್ತೇವೆ.

ಅವಳ ಕೈಯಲ್ಲಿದ್ದ ಹಾಳೆ ಚಿಕ್ಕದು, ಅದರ ತೂಕ ದೊಡ್ಡದು. ಯುಜಿಸಿಯ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಆದ ಮೇಲೆ 42,000. ಊರಿನ ಸಾಲ, ತಮ್ಮನ ಡಿಪ್ಲೊಮಾ ಫೀಸು, ಅಪ್ಪನ ಮಾತ್ರೆ ಎಲ್ಲ ಅದರಲ್ಲೇ ಆಗಬೇಕು. ಗೈಡ್ ಸಹಿ ತಡವಾದರೆ ಹಣವೂ ತಡ. ತಾನು ಪಿಎಚ್‌.ಡಿ. ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದು ಎಂಬ ನಿಯಮವನ್ನೂ ಅವಳು ಪಕ್ಕದ ವಿಭಾಗದ ಅಕ್ಕನಿಂದ ತಿಳಿದಿದ್ದಳು, ಕಚೇರಿಯಿಂದಲ್ಲ. ಕುರ್ಚಿ ಎಳೆದುಕೊಂಡವನಿಗೆ ಇಂಥ ನಿಯಮಗಳು ಮನೆಯ ಊಟದ ಹೊತ್ತಿನ ಮಾತಿನಲ್ಲೇ ಗೊತ್ತಾಗಿರುತ್ತವೆ. ನನ್ನ ಮಟ್ಟಿಗೆ ಈ ಇಬ್ಬರ ನಡುವಿನ ನಿಜವಾದ ಅಂತರ ಇದೇ; ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿಯಲ್ಲಿ ಸಾಯುವ ಮುನ್ನ ಬರೆದಿಟ್ಟ ಪತ್ರದಲ್ಲಿ ತನಗೆ ಏಳು ತಿಂಗಳ ಫೆಲೋಶಿಪ್ ಬಾಕಿಯಿದೆ ಎಂದಿದ್ದ. ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಮತ್ತು ತಾರತಮ್ಯದ ದೂರು ಕೇಳುವ ಅಧಿಕಾರಿ ಇರಬೇಕೆಂದು ಯುಜಿಸಿ ನಿಯಮ ಮಾಡಿದ್ದು 2012ರಲ್ಲಿ, ಅವನು ಸಾಯುವುದಕ್ಕೆ ನಾಲ್ಕು ವರ್ಷ ಮೊದಲು. ನಿಮ್ಮ ವಿಭಾಗದ ಹತ್ತು ವಿದ್ಯಾರ್ಥಿಗಳನ್ನು ನಿಲ್ಲಿಸಿ ಆ ಅಧಿಕಾರಿಯ ಕೋಣೆ ಯಾವ ಮಹಡಿಯಲ್ಲಿದೆ ಎಂದು ಕೇಳಿ ನೋಡಿ.

ವೈವಾ ದಿನದ ಚಿತ್ರವೊಂದು ಉಳಿದಿದೆ. ಸೆಮಿನಾರ್ ಹಾಲಿನ ಮೊದಲ ಸಾಲಿನಲ್ಲಿ ಪ್ರಾಧ್ಯಾಪಕರು. ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ, ಹೊಸ ಪಂಚೆಯ ಅಪ್ಪ, ಸೆರಗು ಬಿಗಿಹಿಡಿದ ಅಮ್ಮ. ಮಗ ಏನು ಹೇಳುತ್ತಿದ್ದಾನೆಂದು ಅವರಿಗೆ ಪೂರ್ತಿ ತಿಳಿಯುತ್ತಿಲ್ಲ. ಅವನು ಬರೆದಿರುವುದು ಅವರ ಊರಿನ ತಮಟೆಯ ಮೇಲೆ, ಆ ತಮಟೆ ಬಾರಿಸಿದವರು ಆ ಅಪ್ಪನೇ. ಒಂದು ವೈವಾದಲ್ಲಿ ಹಿರಿಯ ಮೇಡಂ ಒಬ್ಬರು ಎದ್ದು ಹಿಂದಕ್ಕೆ ಹೋಗಿ, “ಬನ್ನಿ ಯಜಮಾನ್ರೇ, ಮುಂದೆ ಬನ್ನಿ. ಇದರಲ್ಲಿ ಅರ್ಧ ನಿಮ್ಮದೇ ಅಲ್ವಾ” ಎಂದು ಕೈಹಿಡಿದು ಕರೆತಂದರು. ಪರೀಕ್ಷಕರೂ ಸರಿದು ಜಾಗ ಕೊಟ್ಟರು.

ಇದಾದ ಮೇಲೆ ಊಟ. ಡಾಕ್ಟರೇಟ್ ಪಡೆಯುವವರೇ ವಿಭಾಗಕ್ಕೆಲ್ಲ ಊಟ ಹಾಕಿಸಬೇಕೆಂಬ ಪದ್ಧತಿ ಅನೇಕ ಕಡೆ ಬೇರೂರಿದೆ. ಹೋಳಿಗೆಯೋ ಬಿರಿಯಾನಿಯೋ ಎಂಬ ಚರ್ಚೆ ಒಂದು ತಿಂಗಳ ಮುಂಚೆಯೇ ಶುರುವಾಗುತ್ತದೆ. ಫೆಲೋಶಿಪ್ ಇಲ್ಲದವನು ಅದಕ್ಕಾಗಿ ಸಾಲ ಮಾಡುತ್ತಾನೆ, ಹಾಕಿಸದಿದ್ದರೆ ಜಿಪುಣ ಎನಿಸಿಕೊಳ್ಳುತ್ತಾನೆ. ವಿಭಾಗದ ಮುಖ್ಯಸ್ಥರಲ್ಲಿ ನನ್ನದೊಂದು ಕೋರಿಕೆ: ಈ ಊಟ ಬೇಡವೆಂದು ನೀವೇ ಸಹಿ ಹಾಕಿದ ನೋಟಿಸನ್ನು ಫಲಕದ ಮೇಲೆ ಹಚ್ಚಿ. ನನ್ನ ಹತ್ತಿರ ದುಡ್ಡಿಲ್ಲ ಎಂಬ ಮಾತನ್ನು ಆ ದಿನ ಆ ಹುಡುಗನ ಬಾಯಿಂದ ಹೇಳಿಸಬೇಡಿ.